ಹೆಸರು ನೋಂದಾಯಿಸಿದವರೆಲ್ಲ ಕಲಿತವರೇ?

‘ನಮ್ಮ ಕಾಲೇಜಿನ ಇಷ್ಟು ವಿದ್ಯಾರ್ಥಿಗಳು ಆನ್‌ಲೈನ್ ಕೋರ್ಸುಗಳಿಗೆ ಸೇರಿದ್ದಾರೆ’ ಎಂಬ ಸಾಲನ್ನು ಕಾಲೇಜುಗಳ ವಾರ್ಷಿಕ ವರದಿಗಳಲ್ಲಿ ನೀವು ಓದಿರಬಹುದು. ಸಂಖ್ಯೆ ದೊಡ್ಡದಾದಷ್ಟೂ ಹೆಮ್ಮೆ. ಆದರೆ ಯಾವುದೇ ಅಳತೆಯನ್ನು ಒಪ್ಪುವ ಮುನ್ನ, ಅದು ಅಳೆಯುತ್ತಿರುವುದು ಏನನ್ನು ಎಂದು ಕೇಳುವುದು ವಿಜ್ಞಾನದ ಕ್ರಮ. ಆ ಪ್ರಶ್ನೆಯನ್ನು ಇಲ್ಲಿಯೂ ಕೇಳೋಣ.

2012ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯು ವಿದ್ಯುನ್ಮಂಡಲ ಹಾಗೂ ಎಲೆಕ್ಟ್ರಾನಿಕ್ಸ್ ಕುರಿತು ಎಲ್ಲರಿಗೂ ತೆರೆದ ಕೋರ್ಸೊಂದನ್ನು ನಡೆಸಿತು. ಹೆಸರು ನೋಂದಾಯಿಸಿದವರು ಸುಮಾರು 1,55,000. ಪ್ರಮಾಣಪತ್ರ ಪಡೆದವರು 7,157. ಅಂದರೆ ಶೇ. 5ಕ್ಕೂ ಕಡಿಮೆ. ಇದು ಸೋಲೇ? ವರ್ಷಕ್ಕೆ 60 ಮಂದಿಗೆ ಪಾಠ ಮಾಡುವ ಅಧ್ಯಾಪಕರು ಅಷ್ಟು ಜನರನ್ನು ತಲುಪಲು 119 ವರ್ಷ ಬೇಕು! ಎರಡು ಲೆಕ್ಕಗಳೂ ಸರಿ. ಛೇದದಲ್ಲಿ ಯಾರನ್ನು ಇಡುತ್ತೇವೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಎಂಐಟಿ ಮತ್ತು ಹಾರ್ವರ್ಡ್ ಕೋರ್ಸುಗಳ ಅಧ್ಯಯನವೊಂದು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಂತೆ 2017-18ರಲ್ಲಿ ಸೇರಿದವರೆಲ್ಲರ ಪೈಕಿ ಕೋರ್ಸು ಮುಗಿಸಿದವರು ಶೇ. 3ರಷ್ಟು. ಹಣ ಕೊಟ್ಟು ಪ್ರಮಾಣಪತ್ರಕ್ಕಾಗಿ ಸೇರಿದವರಲ್ಲಿ ಈ ಪ್ರಮಾಣ ಶೇ. 46. ಉದ್ದೇಶವಿಟ್ಟುಕೊಂಡು ಬಂದವನಿಗೂ ಸುಮ್ಮನೆ ಇಣುಕಿ ನೋಡಿದವನಿಗೂ ಇರುವ ಅಂತರ ಇದು.

ಈಗ ನಮ್ಮ ದೇಶಕ್ಕೆ ಬನ್ನಿ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಎನ್‌ಪಿಟೆಲ್ ಯೋಜನೆ ಆರಂಭಿಸಿದವು. 2017ರ ಜುಲೈನಲ್ಲಿ ‘ಸ್ವಯಂ’ ಉದ್ಘಾಟನೆಯಾಯಿತು. ಇಂತಹ ಕೋರ್ಸುಗಳಿಗೆ ಒಂದು ಸೆಮಿಸ್ಟರಿನಲ್ಲಿ ಶೇ. 20ರವರೆಗೆ ಮಾನ್ಯತೆ ನೀಡಲು ಯುಜಿಸಿ 2016ರಲ್ಲಿ ಅವಕಾಶ ಕೊಟ್ಟಿತು. 2021ರಲ್ಲಿ ಮಿತಿಯನ್ನು ಶೇ. 40ಕ್ಕೆ ಏರಿಸಿತು. ಹೀಗಾಗಿ ನಮ್ಮಲ್ಲಿ ಅನೇಕರು ಸೇರುವುದು ಕುತೂಹಲಕ್ಕಲ್ಲ, ಕ್ರೆಡಿಟ್‌ಗಾಗಿ. ಅದು ತಪ್ಪಲ್ಲ. ಆದರೆ ಪದವಿಯ ಇಷ್ಟು ದೊಡ್ಡ ಪಾಲು ಇದರ ಮೇಲೆ ನಿಲ್ಲುವುದಾದರೆ, ನೋಂದಣಿಯ ಸಂಖ್ಯೆಯೊಂದನ್ನೇ ತೋರಿಸಿ ತೃಪ್ತರಾಗುವಂತಿಲ್ಲ.

ಎನ್‌ಪಿಟೆಲ್ ಪ್ರಮಾಣಪತ್ರದಲ್ಲಿ ವಾರದ ಅಭ್ಯಾಸಗಳಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಅಭ್ಯಾಸಗಳ ಉತ್ತರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುವುದನ್ನು ನೀವು ಬಲ್ಲಿರಿ. ನಕಲು ಮಾಡಿದವನಿಗೆ 25 ಸುಲಭ; ಉಳಿದ 75ರ ಮುಂದೆ ಅವನು ಒಬ್ಬಂಟಿ.

ಆದ್ದರಿಂದ ಕಾಲೇಜುಗಳು ಒಂದಲ್ಲ, ಮೂರು ಸಂಖ್ಯೆಗಳನ್ನು ಪ್ರಕಟಿಸಲಿ: ಸೇರಿದವರು ಎಷ್ಟು, ಪರೀಕ್ಷೆಗೆ ಕುಳಿತವರು ಎಷ್ಟು, ತೇರ್ಗಡೆಯಾದವರು ಎಷ್ಟು. ಅಧ್ಯಾಪಕರೇ, ನಿಮ್ಮ ವಿದ್ಯಾರ್ಥಿಗಳು ನೋಡಿದ ಪಾಠವನ್ನು ಚರ್ಚಿಸಲು ವೇಳಾಪಟ್ಟಿಯಲ್ಲಿ ವಾರಕ್ಕೊಂದು ಗಂಟೆ ಕೇಳಿ ಪಡೆಯಿರಿ. ವಿದ್ಯಾರ್ಥಿಗಳೇ, ಐದು ಕೋರ್ಸುಗಳಿಗೆ ಹೆಸರು ಕೊಡುವ ಬದಲು ಒಂದನ್ನು ಆರಿಸಿ, ಅದರ ಲೆಕ್ಕಗಳನ್ನು ನೀವೇ ಬಿಡಿಸಿ. ಪರದೆಯ ಮೇಲಿನ ಮೇಷ್ಟರು ಎಷ್ಟೇ ಚೆನ್ನಾಗಿ ಪಾಠ ಹೇಳಿದರೂ, ಅರ್ಥವಾಗದೆ ಕುಳಿತವನ ಮುಖ ಅವರಿಗೆ ಕಾಣಿಸದು. ಅದು ಕಾಣುವುದು ತರಗತಿಯಲ್ಲಿರುವ ಅಧ್ಯಾಪಕರಿಗೆ ಮಾತ್ರ.