ಚಿತ್ರ ಕೆಡುವುದು ಕೊನೆಯ ಹೆಜ್ಜೆಯಲ್ಲಿ

ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ ಒಳ್ಳೆಯ ರೇಖಾಚಿತ್ರವೂ ಅಚ್ಚಾಗಿ ಬರುವಷ್ಟರಲ್ಲಿ ಸೊರಗಿರುವುದುಂಟು. ಹೃದಯದ ಚಿತ್ರವಾದರೆ ಗೆರೆಗಳ ಅಂಚು ಮಸುಕಾಗಿರುತ್ತದೆ, ‘ಹೃತ್ಕರ್ಣ’ದ ಒತ್ತಕ್ಷರ ಕಳಚಿ ಪಕ್ಕದಲ್ಲಿ ನಿಂತಿರುತ್ತದೆ. ದೂರು ಚಿತ್ರಕಾರರ ಮೇಲೋ ಮುದ್ರಣಾಲಯದ ಮೇಲೋ ಬೀಳುತ್ತದೆ. ಆದರೆ ಎಷ್ಟೋ ಸಲ ಚಿತ್ರ ಕೆಟ್ಟಿರುವುದು ಇವರಿಬ್ಬರ ನಡುವೆ, ಫೈಲನ್ನು ಮುದ್ರಣಕ್ಕೆ ಒಗ್ಗುವ ರೂಪಕ್ಕೆ ಬದಲಿಸಿದಾಗ. ಈ ಕೆಲಸಕ್ಕೆ ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶ ಎಷ್ಟು ತಕ್ಕದ್ದು ಎಂಬುದನ್ನು ಕನ್ನಡ ಪ್ರಕಾಶನದ ಅಗತ್ಯಗಳನ್ನು ಮುಂದಿಟ್ಟುಕೊಂಡು ನೋಡಬೇಕು.

2003ರಲ್ಲಿ ಸೋಡಿಪೋಡಿ ಎಂಬ ತಂತ್ರಾಂಶದಿಂದ ಕವಲೊಡೆದ ಈ ಮುಕ್ತ ತಂತ್ರಾಂಶದ ಮೂಲರೂಪ ಎಸ್‌ವಿಜಿ. ಇದರಲ್ಲಿ ಗೆರೆ ಗಣಿತದ ವಿವರಣೆಯಾಗಿ ಉಳಿಯುತ್ತದೆ. ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದು. ಇಂಥ ಚಿತ್ರವನ್ನು ಜೆಪೆಗ್ ಮಾಡಿ ಕಳುಹಿಸುವುದು ದೊಡ್ಡ ತಪ್ಪು. ಜೆಪೆಗ್ ಚಿತ್ರವನ್ನು ಎಂಟಕ್ಕೆಂಟು ಪಿಕ್ಸೆಲ್‌ಗಳ ಚೌಕಗಳಾಗಿ ಸೀಳಿ ವಿವರ ಕಡಿಮೆ ಮಾಡುವುದರಿಂದ ಕಪ್ಪುಗೆರೆಯ ಸುತ್ತ ಕೊಳೆಯಂಥ ಕಲೆಗಳು ಮೂಡುತ್ತವೆ. ಪಿಎನ್‌ಜಿಯಲ್ಲಿ ಆ ತೊಂದರೆಯಿಲ್ಲ, ಆದರೆ ಅಳತೆಯ ಎಚ್ಚರ ಬೇಕು. ಹತ್ತು ಸೆಂಟಿಮೀಟರ್ ಅಗಲದ ಚಿತ್ರ 96 ಡಿಪಿಐನಲ್ಲಿ (ಅಂಗುಲಕ್ಕೆ ಇಷ್ಟು ಚುಕ್ಕೆ ಎಂಬ ಲೆಕ್ಕ) ಸುಮಾರು 378 ಪಿಕ್ಸೆಲ್ ಮಾತ್ರ. ಅದೇ ಅಗಲಕ್ಕೆ 600 ಡಿಪಿಐ ಎಂದರೆ ಸುಮಾರು 2362 ಪಿಕ್ಸೆಲ್. ಮೊದಲನೆಯದು ಪರದೆಗೆ ಸಾಕು, ಅಚ್ಚಿಗೆ ಸಾಲದು.

ಮುದ್ರಣಕ್ಕೆ ಸರಿಯಾದ ದಾರಿ ಪಿಡಿಎಫ್. ಇಲ್ಲಿಯೇ ಇಂಕ್‌ಸ್ಕೇಪಿನ ನಿಜವಾದ ಬಲ ಕಾಣುತ್ತದೆ. ಪ್ಯಾಂಗೋ ಮತ್ತು ಹಾರ್ಫ್‌ಬಜ್ ಎಂಬ ಅಕ್ಷರಜೋಡಣೆಯ ವ್ಯವಸ್ಥೆಗಳನ್ನು ಅದು ಬಳಸುವುದರಿಂದ, ಯೂನಿಕೋಡಿನಲ್ಲಿ ಬರೆದ ‘ಹೃತ್ಕುಕ್ಷಿ’ಯ ವಟ್ರಸುಳಿ, ಒತ್ತು, ಗುಣಿತ ಎಲ್ಲವೂ ತಮ್ಮ ಜಾಗದಲ್ಲಿ ಕೂರುತ್ತವೆ. ರಫ್ತು ಮಾಡುವಾಗ ಅಕ್ಷರಗಳನ್ನು ಫಾಂಟಿನ ಸಮೇತ ಫೈಲಿನೊಳಗೆ ಇರಿಸಬಹುದು, ಇಲ್ಲವೇ ಬರಿಯ ಆಕಾರಗಳಾಗಿ ಬದಲಿಸಬಹುದು. ಫಾಂಟಿನೊಂದಿಗೆ ಇಟ್ಟರೆ ಪದಗಳನ್ನು ಹುಡುಕುವ ಅವಕಾಶ ಉಳಿಯುತ್ತದೆ. ಆದರೆ ಆ ಪಿಡಿಎಫ್ ಅನ್ನು ಬೇರೆ ತಂತ್ರಾಂಶದಲ್ಲಿ ತೆರೆದು ತಿದ್ದಹೊರಟರೆ ಕನ್ನಡದ ಒತ್ತುಗಳು ಚದುರುವ ಭಯವಿದೆ. ಆಕಾರವಾಗಿಸಿದರೆ ಎಲ್ಲಿ ತೆರೆದರೂ ರೂಪ ಕೆಡದು. ಕಾಗುಣಿತದ ತಪ್ಪು ತಿದ್ದಲು ಮಾತ್ರ ಮೂಲ ಎಸ್‌ವಿಜಿಗೇ ಮರಳಬೇಕು. ಅಚ್ಚಿನ ಪುಸ್ತಕಕ್ಕೆ ಎರಡನೆಯದೇ ಸುರಕ್ಷಿತ.

ಪುಟ ಜೋಡಿಸಲು ಲೇಟೆಕ್ ಬಳಸುವವರಿಗೆ ಮೂರನೆಯ ದಾರಿಯೂ ಇದೆ. ಗೆರೆಗಳು ಪಿಡಿಎಫ್‌ನಲ್ಲಿ ಉಳಿದು, ಹೆಸರುಗಳನ್ನು ಲೇಟೆಕ್ ಜೋಡಿಸುತ್ತದೆ. ಪಠ್ಯದ ಫಾಂಟೇ ಚಿತ್ರದಲ್ಲೂ ಬರುವುದರಿಂದ ಪುಟಕ್ಕೆ ಒಂದು ಹದ ಬರುತ್ತದೆ. ಕನ್ನಡಕ್ಕಾದರೆ ಪಿಡಿಎಫ್‌ಲೇಟೆಕ್ ಬಿಟ್ಟು ಝೀಲೇಟೆಕ್ ಇಲ್ಲವೇ ಲುವಾಲೇಟೆಕ್ ಹಿಡಿಯಬೇಕು.

ಕೊರತೆಗಳೂ ಸಣ್ಣವಲ್ಲ. 1.4ರವರೆಗಿನ ಆವೃತ್ತಿಗಳು ಕೊಡುವ ಪಿಡಿಎಫ್‌ನ ಬಣ್ಣ ಪರದೆಯ ಆರ್‌ಜಿಬಿ. ಮುದ್ರಣಯಂತ್ರ ಬೇಡುವುದು ನಾಲ್ಕು ಶಾಯಿಗಳ ಸಿಎಂವೈಕೆ. ಬದಲಾವಣೆಯಲ್ಲಿ ಎಚ್ಚರ ತಪ್ಪಿದರೆ ಕಪ್ಪು ಅಕ್ಷರ ನಾಲ್ಕೂ ಶಾಯಿಗಳ ಮಿಶ್ರಣವಾಗುತ್ತದೆ. ಪ್ಲೇಟುಗಳು ಕೂದಲೆಳೆಯಷ್ಟು ಸರಿದರೂ ಸಣ್ಣ ಅಕ್ಷರದ ಸುತ್ತ ಬಣ್ಣದ ನೆರಳು ಬೀಳುತ್ತದೆ. ಆದ್ದರಿಂದ ಅಚ್ಚಿಗೆ ಮೊದಲು ಬಣ್ಣಗಳನ್ನು ಬೇರ್ಪಡಿಸಿ, ಕಪ್ಪು ತನ್ನ ಪ್ಲೇಟಿನಲ್ಲಷ್ಟೇ ಇದೆಯೇ ಎಂದು ನೋಡಲೇಬೇಕು. ಇಪಿಎಸ್ ಎಂಬ ಹಳೆಯ ಫೈಲ್ ರೂಪ ಪಾರದರ್ಶಕ ಬಣ್ಣವನ್ನು ಅರಿಯದು; ಮಸುಕಿನ ಪರಿಣಾಮ ಬಳಸಿದ ಭಾಗಗಳು ಪಿಡಿಎಫ್‌ನಲ್ಲೂ ಪಿಕ್ಸೆಲ್‌ಗಳಾಗುತ್ತವೆ. ಪಾಠದ ಚಿತ್ರಕ್ಕೆ ಅಂಥ ಅಲಂಕಾರ ಬೇಕಾಗಿಯೂ ಇಲ್ಲ.

ಒಟ್ಟಿನಲ್ಲಿ, ಕನ್ನಡದ ಹೆಸರುಗಳಿರುವ ರೇಖಾಚಿತ್ರಕ್ಕೆ ಇಂಕ್‌ಸ್ಕೇಪ್ ನಂಬಬಹುದಾದ ಸಾಧನ. ಬಣ್ಣದ ಮುದ್ರಣದಲ್ಲಿ ಮಾತ್ರ ಅದನ್ನೇ ನೆಚ್ಚುವಂತಿಲ್ಲ. ಪ್ರಕಾಶಕರಲ್ಲಿ ನನ್ನ ಕೋರಿಕೆ ಇಷ್ಟೆ: ಚಿತ್ರಕಾರರಿಂದ ಪಿಡಿಎಫ್ ಜೊತೆಗೆ ಮೂಲ ಎಸ್‌ವಿಜಿಯನ್ನೂ ಪಡೆದು ಜೋಪಾನ ಮಾಡಿ, ಕರಡು ತಿದ್ದುವವರಿಗೆ ಚಿತ್ರದ ಪುಟಗಳನ್ನು ಅಚ್ಚಿನ ಅಳತೆಯಲ್ಲೇ ತೋರಿಸಿ. ಮಗುವೊಂದು ಹೃದಯದ ಭಾಗಗಳನ್ನು ಮೊದಲು ಕಲಿಯುವುದು ಆ ಪುಟದಿಂದಲೇ. ಅಲ್ಲಿ ಹೆಸರು ತಪ್ಪಾಗಿ ಮೂಡಿದರೆ ಕಲಿಕೆಯೂ ತಪ್ಪಾಗುತ್ತದೆ.