ಶಿಬಿರದ ಮೂರನೆಯ ರಾತ್ರಿ: ವ್ಯಸನ ಸಮಾಲೋಚಕರ ಪ್ರಮಾಣಪತ್ರದ ವಿಮರ್ಶೆ

ವ್ಯಸನಮುಕ್ತಿಯ ಕೆಲಸದಲ್ಲಿ ಎರಡು ಬಗೆಯ ಜನ ಇದ್ದಾರೆ. ಸಮಾಜಕಾರ್ಯ ಅಥವಾ ಮನಶ್ಶಾಸ್ತ್ರ ಓದಿ ಬಂದ ಆಪ್ತಸಮಾಲೋಚಕರು ಒಂದು ಬಗೆ. ತಾವೇ ಕುಡಿದು, ಕಷ್ಟಪಟ್ಟು ಬಿಟ್ಟು, ಈಗ ಇನ್ನೊಬ್ಬರ ಜೊತೆ ನಿಲ್ಲುವವರು ಮತ್ತೊಂದು ಬಗೆ. ಕೇಂದ್ರ ಸರ್ಕಾರದ ನೆರವಿನ ಪುನರ್ವಸತಿ ಕೇಂದ್ರಗಳು ಇವರನ್ನು ಪೀರ್ ಎಜುಕೇಟರ್ ಎನ್ನುತ್ತವೆ. ಮೊದಲನೆಯವರಿಂದ ಪದವಿ ಕೇಳುತ್ತಾರೆ, ಎರಡನೆಯವರಿಂದ ಓದುಬರಹ ಮತ್ತು ಕುಡಿಯದೆ ಕಳೆದ ಕಾಲದ ಲೆಕ್ಕ. ಎರಡೂ ಕೆಲಸಕ್ಕೆ ಬರುವ ಮುಂಚಿನ ಸಂಗತಿಗಳು. ನಡುಗುವ ಕೈಯ ಮನುಷ್ಯನೊಬ್ಬ ಎದುರು ಕುಳಿತಾಗ ಇವರಿಗೆ ಏನು ಮಾಡಲು ಬರುತ್ತದೆ ಎಂಬುದು ಎರಡರಲ್ಲೂ ತಿಳಿಯುವುದಿಲ್ಲ.

ಕಾನೂನು ಈ ಕೊರತೆಯನ್ನು ತುಂಬಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕವಸ್ತುಗಳಿಂದ ಬರುವ ತೊಂದರೆಗಳನ್ನು ಮಾನಸಿಕ ಕಾಯಿಲೆಯೊಳಗೆ ಸೇರಿಸಿ, ಸಂಸ್ಥೆಗಳ ನೋಂದಣಿಯನ್ನು ಕಡ್ಡಾಯ ಮಾಡಿತು. 2021ರ ಸಹಾಯಕ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಆ ವೃತ್ತಿಗಳಿಗೆ ಕನಿಷ್ಠ 2,000 ಗಂಟೆಗಳ ಓದನ್ನು ನಿಗದಿ ಮಾಡಿತು. ಕುಡಿತ ಬಿಟ್ಟ ರೇಷ್ಮೆ ಬೆಳೆಗಾರನೊಬ್ಬ ಹತ್ತು ವರ್ಷ ಊರವರ ಜೊತೆ ನಿಂತಿದ್ದರೂ ಆ ಗಂಟೆಗಳಲ್ಲಿ ಒಂದೂ ಅವನ ಖಾತೆಗೆ ಸೇರುವುದಿಲ್ಲ.

ಅಂತರರಾಷ್ಟ್ರೀಯ ಮಟ್ಟದಲ್ಲಿ ಕೊಲಂಬೊ ಯೋಜನೆ ಎಂಬ ಅಂತರಸರ್ಕಾರಿ ಸಂಸ್ಥೆಯ ಪ್ರಮಾಣೀಕರಣವಿದೆ. ಅದರ ಪಠ್ಯಕ್ರಮ ಒಳ್ಳೆಯದು. ಔಷಧ, ನೀತಿ, ಬಿಕ್ಕಟ್ಟು, ಪ್ರಕರಣ ನಿರ್ವಹಣೆ ಎಲ್ಲವನ್ನೂ ಕ್ರಮವಾಗಿ ಕಲಿಸುತ್ತದೆ. ಆದರೆ ಕೊನೆಯ ಪರೀಕ್ಷೆ ಸರಿಯುತ್ತರ ಆರಿಸುವ ಬಗೆಯದು. ಎದುರಿದ್ದವರ ಮಾತನ್ನು ಕೇಳಿಸಿಕೊಳ್ಳುವ ಗುಣ ಅಂಥ ಪರೀಕ್ಷೆಗೆ ಸಿಗುವುದಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿದ ಸೀಮೆಯಲ್ಲಿ ಈ ಪ್ರಶ್ನೆ ಕಾಗದದ ಮೇಲಿನದಲ್ಲ. ಮದ್ಯವ್ಯಸನಿಗಳಲ್ಲಿ ಸುಮಾರು 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಗುತ್ತಿದೆ ಎಂದು 2019ರ ರಾಷ್ಟ್ರೀಯ ಸಮೀಕ್ಷೆ ಹೇಳಿತು. ಉಳಿದವರನ್ನು ಹಳ್ಳಿಯಲ್ಲಿ ಮೊದಲು ಮುಟ್ಟುವುದು ಆಸ್ಪತ್ರೆಯಲ್ಲ, ಮದ್ಯವರ್ಜನ ಶಿಬಿರ. ಕರ್ನಾಟಕದಲ್ಲಿ ಹೆಚ್ಚು ಪರಿಚಿತವಾದದ್ದು ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಎಂಟು ದಿನಗಳ ಮಾದರಿ. ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರ ನವಜೀವನ ಸಮಿತಿ ಸೇರುತ್ತದೆ. ನೂರು ದಿನ ಕುಡಿಯದವರಿಗೆ ಶತದಿನೋತ್ಸವ. ಬಿಟ್ಟವರೇ ಬಿಡುವವರ ಬೆನ್ನಿಗೆ ನಿಲ್ಲುವ ಈ ಕಟ್ಟು ಯಾವ ಆಸ್ಪತ್ರೆಗೂ ಸುಲಭಕ್ಕೆ ಕೈಗೂಡುವಂಥದ್ದಲ್ಲ.

ಅಪಾಯ ಇರುವುದು ಶಿಬಿರದ ಮೊದಲ ದಿನಗಳಲ್ಲಿ. ದಿನವೂ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಸನ್ನಿ ಹಿಡಿಯಬಹುದು: ಇಲ್ಲದ್ದು ಕಾಣುತ್ತದೆ, ಊರು ದಿಕ್ಕು ತಿಳಿಯುವುದಿಲ್ಲ, ಜ್ವರ ಏರುತ್ತದೆ, ಚಿಕಿತ್ಸೆ ಸಿಗದಿದ್ದರೆ ಸಾವೂ ಬರಬಹುದು. ಮೂರನೆಯ ರಾತ್ರಿ ಗೋಡೆಯ ಮೇಲೆ ಹುಳು ಹರಿಯುತ್ತಿದೆ ಎನ್ನುವ ಶಿಬಿರಾರ್ಥಿಗೆ ಭಜನೆಯಾಗಲಿ ಬುದ್ಧಿಮಾತಾಗಲಿ ಮದ್ದಲ್ಲ. ಪಕ್ಕದಲ್ಲಿ ಮಲಗಿದ ಸ್ವಯಂಸೇವಕನಿಗೆ ಇದು ಗುರುತು ಸಿಕ್ಕು, ಆ ಹೊತ್ತಿನಲ್ಲೇ ವಾಹನ ಹೊರಡಬೇಕು. ಹಿಂದೆ ಫಿಟ್ಸ್ ಬಂದಿದ್ದವರನ್ನು ಶಿಬಿರಕ್ಕೆ ಸೇರಿಸುವ ಮೊದಲೇ ವೈದ್ಯರಿಗೆ ತೋರಿಸಬೇಕು. ಸುಸ್ತಾದವನಿಗೆ ಗ್ಲೂಕೋಸ್ ಏರಿಸುವುದು ಹಳ್ಳಿಯ ವಾಡಿಕೆ. ಥಯಾಮಿನ್ ಎಂಬ ವಿಟಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಕುಡಿತದಿಂದ ಬಡವಾದ ಮಿದುಳಿಗೆ ಶಾಶ್ವತ ಪೆಟ್ಟು ಬೀಳಬಹುದು. ಗಂಡನಿಗೆ ತಿಳಿಯದಂತೆ ಕಾಫಿಗೆ ಕುಡಿತ ಬಿಡಿಸುವ ಪುಡಿ ಬೆರೆಸುತ್ತಿರುವ ಹೆಂಡತಿಗೆ, ಅದು ಡೈಸಲ್ಫಿರಾಮ್ ಆಗಿದ್ದರೆ ಅವನು ಕುಡಿದ ದಿನ ಜೀವಕ್ಕೇ ಎರವಾದೀತು ಎಂದು ನೋಯಿಸದೆ ಹೇಳಲು ಬರಬೇಕು. ಪ್ರಮಾಣಪತ್ರಕ್ಕೆ ಇವು ಕನಿಷ್ಠ.

ಭಾಷೆಯೂ ಇದರೊಳಗೇ ಬರುತ್ತದೆ. ತರಬೇತಿಯ ಪುಸ್ತಕ ಹತ್ತು ಗ್ರಾಂ ಮದ್ಯಸಾರದ ಪ್ರಮಾಣಬದ್ಧ ಪೆಗ್ಗಿನಲ್ಲಿ ಲೆಕ್ಕ ಹಾಕುತ್ತದೆ. ಊರಿನಲ್ಲಿ ಲೆಕ್ಕ ನೈಂಟಿ, ಕ್ವಾರ್ಟರ್. 180 ಮಿಲಿಲೀಟರಿನ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಮದ್ಯಸಾರ, ಎಂದರೆ ಆರು ಪೆಗ್. "ಒಂದೇ ಕ್ವಾರ್ಟರ್ ಸಾರ್" ಎಂಬ ಮಾತಿನಲ್ಲಿ ಆರನ್ನು ಕೇಳಿಸಿಕೊಳ್ಳದವರಿಗೆ ಯಾರನ್ನು ಆಸ್ಪತ್ರೆಗೆ ಕಳಿಸಬೇಕೆಂದು ತಿಳಿಯದು.

ಇಂಥ ಕೌಶಲವನ್ನು ಅಳೆಯಲು ಸಾಧ್ಯವೆಂಬುದಕ್ಕೆ ಗೋವಾದ ಪ್ರಯೋಗವಿದೆ. ಅಲ್ಲಿ ವೃತ್ತಿಪರರಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಮಾಲೋಚನೆಗೆ ಕೂರಿಸಿದರು. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ತಿಂಗಳ ನಂತರ ಹಾನಿಕರ ಕುಡಿತದಿಂದ ಹೊರಬಂದವರು ಶೇ 36. ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ 26. ಮುಖ್ಯವಾದದ್ದು ವಿಧಾನ: ಮಾತುಕತೆಯ ಧ್ವನಿಮುದ್ರಣವನ್ನು ಸಹೋದ್ಯೋಗಿಗಳೇ ಕೇಳಿ ಅಂಕ ಕೊಟ್ಟು ತಿದ್ದುತ್ತಿದ್ದರು. ಪದವಿಗಿಂತ, ದಿನಗಳ ಎಣಿಕೆಗಿಂತ ಇದು ನಂಬಲರ್ಹ ಅಳತೆ. ರಾಮನಗರದಂಥ ಕಡೆ ಇದಕ್ಕೆ ಅನುಕೂಲವೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ಹತ್ತಿರದಲ್ಲೇ ಇದೆ, ಆ ಸಂಸ್ಥೆಗೆ ದೂರಸಂಪರ್ಕದ ಮೂಲಕ ಜಿಲ್ಲೆಗಳ ಸಿಬ್ಬಂದಿಯನ್ನು ತರಬೇತುಗೊಳಿಸಿದ ಅನುಭವವೂ ಇದೆ. ರೋಗಿಯ ಒಪ್ಪಿಗೆ ಪಡೆದು, ಹೆಸರು ಅಳಿಸಿ, ಕನ್ನಡದ ಮಾತುಕತೆಗಳನ್ನು ತಿಂಗಳಿಗೊಮ್ಮೆ ಕೂತು ಕೇಳಿ ತಿದ್ದಿದರೆ ಸಾಕು.

ಪೀರ್ ಕಾರ್ಯಕರ್ತರಿಗೆ ಇನ್ನೊಂದು ಷರತ್ತು ಭಾರವಾಗಿದೆ. ಕುಡಿಯದ ದಿನಗಳೇ ಅರ್ಹತೆಯಾದಾಗ, ಒಮ್ಮೆ ಜಾರಿದವನು ಕೆಲಸ ಹೋಗುವ ಭಯಕ್ಕೆ ಅದನ್ನು ಮುಚ್ಚಿಡುತ್ತಾನೆ. ನೆರವು ತೀರಾ ಬೇಕಾದ ಹೊತ್ತಿನಲ್ಲೇ ಒಂಟಿಯಾಗುತ್ತಾನೆ. ಮರಳಿ ಕುಡಿಯುವುದು ಈ ಕಾಯಿಲೆಯಲ್ಲಿ ಸಾಮಾನ್ಯ ಎಂದು ಪಾಠ ಹೇಳುವ ವ್ಯವಸ್ಥೆ ತನ್ನ ಕಾರ್ಯಕರ್ತನಿಗೆ ಮಾತ್ರ ಆ ಮಾತನ್ನು ಅನ್ವಯಿಸುವುದಿಲ್ಲ. ಜಾರಿದ್ದನ್ನು ತಾನೇ ಹೇಳಿಕೊಂಡವನಿಗೆ ರಜೆ, ಚಿಕಿತ್ಸೆ, ಮೇಲ್ವಿಚಾರಕರ ಒಪ್ಪಿಗೆಯ ಮೇಲೆ ಮತ್ತೆ ಕೆಲಸ: ಈ ಮೂರನ್ನು ಪ್ರಮಾಣಪತ್ರದ ನಿಯಮದಲ್ಲೇ ಬರೆದಿಡಬೇಕು.