ಮೊಹರು ಒಡೆದವರು: ಎಂ. ಆರ್. ಜೇಮ್ಸ್‌ನ ಪ್ರೇತಕಥೆಗಳಲ್ಲಿ ಶೋಧಕನ ಹೊಣೆ

ಇಂಗ್ಲೆಂಡಿನ ಪ್ರೇತಕಥಾ ಸಾಹಿತ್ಯದಲ್ಲಿ ಪುನಃ ಪುನಃ ಎದುರಾಗುವ ಒಂದು ವಿನ್ಯಾಸವಿದೆ. ಊರಿಂದೂರಿಗೆ ದಾರಿ ಸರಿಯಿಲ್ಲದ ಒಂದು ಹಳ್ಳಿ; ಅಲ್ಲಿ ಶತಮಾನಗಳಿಂದ ಮಲಗಿದ್ದ ಯಾವುದೋ ಅಗೋಚರ ಶಕ್ತಿಯ ಎಚ್ಚರ; ಅದನ್ನು ಪರಿಶೀಲಿಸಲು ಹೊರಗಿನಿಂದ ಬರುವ ವಿದ್ಯಾವಂತ ಶೋಧಕ. ಈ ಬಗೆಯ ಕಥೆಗಳನ್ನು ವಿಚಾರಬುದ್ಧಿಗೂ ಮೂಢನಂಬಿಕೆಗೂ ನಡೆಯುವ ಸಂಘರ್ಷವೆಂದು ಓದುವುದು ವಿಮರ್ಶೆಯ ರೂಢಿ. ಕೊನೆಯಲ್ಲಿ ಶೋಧಕ ಗೆದ್ದರೆ ಕಥೆ ಪ್ರಗತಿಪರ, ಪ್ರೇತ ಗೆದ್ದರೆ ಪ್ರತಿಗಾಮಿ ಎಂಬ ತೀರ್ಪೂ ಇದರ ಬೆನ್ನಿಗೇ ಬರುತ್ತದೆ. ಈ ಓದು ಒಂದು ಮೂಲಭೂತ ಪ್ರಶ್ನೆಯನ್ನು ಬದಿಗೊತ್ತುತ್ತದೆ: ಮಲಗಿದ್ದುದನ್ನು ಎಬ್ಬಿಸಿದವರು ಯಾರು? ಎಂ. ಆರ್. ಜೇಮ್ಸ್‌ನ (1862-1936) ಉತ್ತಮ ಕಥೆಗಳಲ್ಲಿ ಈ ಪ್ರಶ್ನೆಗಿರುವ ಉತ್ತರ ಒಂದೇ. ಎಬ್ಬಿಸಿದವನು ಶೋಧಕನೇ. ಅವನ ಅಜ್ಞಾನವಾಗಲಿ ದುರುದ್ದೇಶವಾಗಲಿ ಇದಕ್ಕೆ ಮುಖ್ಯ ಕಾರಣವಲ್ಲ. ಅವನ ವಿದ್ಯೆಯೇ ಕಾರಣ.

ಜೇಮ್ಸ್‌ನ ವೈಶಿಷ್ಟ್ಯ ತಿಳಿಯಬೇಕಾದರೆ ಅವನ ಸಮಕಾಲೀನನಾದ ಕಾನನ್ ಡಾಯ್ಲ್‌ನನ್ನು ಪಕ್ಕದಲ್ಲಿಟ್ಟು ನೋಡಬೇಕು. 1901ರ ಆಗಸ್ಟ್‌ನಿಂದ 1902ರ ಏಪ್ರಿಲ್‌ವರೆಗೆ 'ಸ್ಟ್ರ್ಯಾಂಡ್' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ 'ದ ಹೌಂಡ್ ಆಫ್ ದ ಬಾಸ್ಕರ್‌ವಿಲ್ಸ್' ಕಾದಂಬರಿಯಲ್ಲಿ ಡಾರ್ಟ್‌ಮೂರಿನ ಬಯಲು, ಗ್ರಿಂಪೆನ್ ಎಂಬ ಕುಗ್ರಾಮ, ಒಂದು ಮನೆತನಕ್ಕೆ ಅಂಟಿದ ನರಕದ ನಾಯಿಯ ಐತಿಹ್ಯ, ಎಲ್ಲವೂ ಇವೆ. ಕಾದಂಬರಿ ಆರಂಭವಾಗುವುದೂ ಹಸ್ತಪ್ರತಿಯಿಂದಲೇ. ಐತಿಹ್ಯವಿರುವ ಹಳೆಯ ಕಾಗದದ ಅಂಚು ವೈದ್ಯ ಮಾರ್ಟಿಮರ್‌ನ ಜೇಬಿನಿಂದ ಇಣುಕುತ್ತಿರುವಾಗಲೇ ಷರ್ಲಾಕ್ ಹೋಮ್ಸ್ ಅದರ ಕಾಲ 1730ರ ಸುಮಾರೆಂದು ಹೇಳುತ್ತಾನೆ. ನಿಜವಾದ ವರ್ಷ 1742. ಅಕ್ಷರದ ಆಕಾರದಿಂದ ಕಾಲನಿರ್ಣಯ ಮಾಡುವ ಈ ಪ್ರಸಂಗ ಲಿಪಿಶಾಸ್ತ್ರದ ವಿದ್ಯಾರ್ಥಿಗಳಿಗೆ ಸಂತೋಷ ಕೊಡತಕ್ಕದ್ದು. ಹನ್ನೆರಡು ವರ್ಷಗಳ ಅಂತರವೆಂದರೆ ನಮ್ಮಲ್ಲಿ ಅನೇಕರು ಹೆಮ್ಮೆಪಡುವ ಫಲಿತಾಂಶವೇ! ಆದರೆ ಹೋಮ್ಸ್‌ಗೆ ಆ ಪತ್ರ ದಾಟಿ ಹೋಗಬೇಕಾದ ಒಂದು ಹೊಸ್ತಿಲು ಮಾತ್ರ. ನಾಯಿಯ ಮೈಮೇಲಿನ ಬೆಳಕು ರಂಜಕದ ಲೇಪವೆಂದು ಗೊತ್ತಾದೊಡನೆ ಐತಿಹ್ಯ ಖಾಲಿಯಾಗುತ್ತದೆ. ಶೋಧಕ ಊರಿಗೆ ಬಂದು ಶುದ್ಧಿಮಾಡಿ ಲಂಡನ್ನಿಗೆ ಹಿಂತಿರುಗುತ್ತಾನೆ. ಊರು ಅವನನ್ನು ಮುಟ್ಟುವುದಿಲ್ಲ. ವಿಲಿಯಂ ಹೋಪ್ ಹಾಡ್ಜ್‌ಸನ್ 1910ರಿಂದ ಬರೆದ ಕಾರ್ನಾಕಿಯ ಕಥೆಗಳಲ್ಲಿ ಪ್ರೇತ ಕೆಲವೊಮ್ಮೆ ನಿಜ, ಕೆಲವೊಮ್ಮೆ ವಂಚನೆ. ಅಲ್ಲಿಯೂ ಕಲ್ಪಿತವಾದ ಒಂದು ಪ್ರಾಚೀನ ಹಸ್ತಪ್ರತಿಯಿದೆ, ಜೊತೆಗೆ ವಿದ್ಯುತ್ತಿನಿಂದ ಉರಿಯುವ ರಕ್ಷಾಮಂಡಲವಿದೆ. ಹಸ್ತಪ್ರತಿ ಅಲ್ಲಿ ಆಯುಧ. ಈ ಇಬ್ಬರು ಲೇಖಕರಲ್ಲೂ ಓದು ಶೋಧಕನನ್ನು ಕಾಪಾಡುತ್ತದೆ.

ಜೇಮ್ಸ್ ವೃತ್ತಿಯಿಂದ ಕಥೆಗಾರನಲ್ಲ. ಸಫೋಕ್ ಪ್ರಾಂತದ ಗ್ರೇಟ್ ಲಿವರ್‌ಮಿಯರ್ ಎಂಬ ಹಳ್ಳಿಯಲ್ಲಿ ಬೆಳೆದ ಪಾದ್ರಿಯ ಮಗ. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಮುಖ್ಯಸ್ಥ, 1918ರಿಂದ ಕೊನೆಯವರೆಗೆ ಈಟನ್ ಶಾಲೆಯ ಮುಖ್ಯಸ್ಥ. ಕೇಂಬ್ರಿಜ್‌ನ ಕಾಲೇಜುಗಳಲ್ಲಿದ್ದ ಮಧ್ಯಯುಗದ ಹಸ್ತಪ್ರತಿಗಳಿಗೆ ಅವನು ಸಿದ್ಧಪಡಿಸಿದ ವಿವರಣಾತ್ಮಕ ಸೂಚಿಗಳು ಇಂದಿಗೂ ಆಕರಗಳು. ಎಂಟನೆಯ ಹೆನ್ರಿ 1536ರಿಂದ 1540ರೊಳಗೆ ಕ್ರೈಸ್ತ ಮಠಗಳನ್ನು ಮುಚ್ಚಿಸಿದಾಗ ಚೆಲ್ಲಾಪಿಲ್ಲಿಯಾದ ಪುಸ್ತಕಗಳು ಯಾವ ಮಠದವು, ಯಾರ ಕೈಯಿಂದ ಯಾರ ಕೈಗೆ ಬಂದವು ಎಂದು ಗುರುತಿಸುವುದು ಅವನ ಜೀವಮಾನದ ಕೆಲಸವಾಗಿತ್ತು. ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಅವನು ಪತ್ತೆಮಾಡಿದ ಒಂದು ಹಸ್ತಪ್ರತಿಯ ತುಣುಕನ್ನು ಆಧರಿಸಿ ಬರಿ ಸೇಂಟ್ ಎಡ್ಮಂಡ್ಸ್‌ನ ಹಾಳುಬಿದ್ದ ಮಠದಲ್ಲಿ 1902ರ ಸುಮಾರಿಗೆ ಉತ್ಖನನ ನಡೆದು ಮಧ್ಯಯುಗದ ಮಠಾಧಿಪತಿಗಳ ಸಮಾಧಿಗಳು ಸಿಕ್ಕವು. ಹಾಳೆಯೊಂದನ್ನು ಓದಿ, ನೆಲದಲ್ಲಿ ಮಲಗಿದವರ ತಾವನ್ನು ಗುದ್ದಲಿಗೆ ತೋರಿಸಿಕೊಟ್ಟ ವಿದ್ವಾಂಸ ಅವನು. ಅವನ ಮೊದಲ ಕಥಾಸಂಗ್ರಹ ಹೊರಬಂದದ್ದು 1904ರಲ್ಲಿ. ಒಂದರಿಂದ ಇನ್ನೊಂದು ಹುಟ್ಟಿತೆಂಬುದು ನನ್ನ ವಾದವಲ್ಲ. ಎರಡೂ ಒಂದೇ ಮೇಜಿನ ಮೇಲಿದ್ದವು ಎಂಬುದಷ್ಟೇ ನನಗೆ ಮುಖ್ಯ.

1925ರಲ್ಲಿ ಪ್ರಕಟವಾದ 'ಎ ವಾರ್ನಿಂಗ್ ಟು ದ ಕ್ಯೂರಿಯಸ್' ಈ ದೃಷ್ಟಿಯಿಂದ ಅವನ ಅತ್ಯಂತ ಮಹತ್ತ್ವದ ಕಥೆ. ಸಫೋಕ್ ಕರಾವಳಿಯ ಸೀಬರೋ ಎಂಬ ಊರಿಗೆ ಪ್ಯಾಕ್ಸ್‌ಟನ್ ಎಂಬ ಯುವಕ ಬರುತ್ತಾನೆ. ಪೂರ್ವ ಆಂಗ್ಲ ಅರಸರ ಮೂರು ಕಿರೀಟಗಳನ್ನು ಶತ್ರುಗಳು ದಡಕ್ಕೆ ಇಳಿಯದಂತೆ ಕಡಲ ತಡಿಯಲ್ಲಿ ಹೂಳಲಾಗಿತ್ತೆಂಬ ಐತಿಹ್ಯವನ್ನು ಅವನು ಸಮೀಪದ ಚರ್ಚೊಂದರಲ್ಲಿ ಕೇಳುತ್ತಾನೆ. ಒಂದು ಕಿರೀಟ ರೆಂಡಲ್‌ಶಾಮ್‌ನಲ್ಲಿ ಸಿಕ್ಕಿ ಮೂಸೆಗೆ ಹೋಯಿತು, ಇನ್ನೊಂದನ್ನು ಕಡಲು ನುಂಗಿತು, ಉಳಿದದ್ದು ಒಂದೇ. ಅದನ್ನು ಏಜರ್ ಎಂಬ ಮನೆತನದವರು ತಲೆಮಾರುಗಳಿಂದ ಕಾಯುತ್ತ ಬಂದಿದ್ದರು. ಕೊನೆಯವನಾದ ವಿಲಿಯಂ ಏಜರ್ ಕ್ಷಯರೋಗಿ; ರಾತ್ರಿಯ ಚಳಿಯಲ್ಲಿ ಕಾವಲು ಕುಳಿತೇ ಆಯುಸ್ಸನ್ನು ಕಳೆದುಕೊಂಡು ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಸತ್ತವನು. ಮೊದಲ ಮಹಾಯುದ್ಧ ಮುಗಿದು ಏಳು ವರ್ಷವಾಗಿದ್ದಾಗ ಈ ಕಥೆಯನ್ನು ಓದಿದ ಆಂಗ್ಲರಿಗೆ, ಕರಾವಳಿಯನ್ನು ಕಾಯುತ್ತ ಸತ್ತ ಎಳೆಯ ಪ್ರಾಯದವನ ಚಿತ್ರ ಬರಿಯ ಐತಿಹ್ಯವಾಗಿ ಕಂಡಿರಲಾರದು.

ಪ್ಯಾಕ್ಸ್‌ಟನ್ ಆ ಕಿರೀಟವನ್ನು ಪತ್ತೆಮಾಡುವ ಕ್ರಮ ನಮ್ಮ ವಿಶೇಷ ಗಮನಕ್ಕೆ ಅರ್ಹವಾದುದು. ಅವನಿಗೆ ಕನಸು ಬೀಳುವುದಿಲ್ಲ, ಮಂತ್ರವಾದಿ ಸಿಗುವುದಿಲ್ಲ. ಹಳೆಯ ವಸ್ತುಗಳ ಅಂಗಡಿಯಲ್ಲಿ ಒಂದು ಪ್ರಾರ್ಥನಾ ಪುಸ್ತಕ ಸಿಗುತ್ತದೆ. ಅದರ ಖಾಲಿ ಹಾಳೆಯ ಮೇಲೆ ಏಜರ್ ಮನೆತನದವರು ಒಬ್ಬರಾದ ಮೇಲೊಬ್ಬರು ತಮ್ಮ ಹೆಸರು ಬರೆದಿದ್ದಾರೆ. ಪ್ಯಾಕ್ಸ್‌ಟನ್ ಆ ಹೆಸರುಗಳನ್ನು ಓದಿ, ಅಂಗಡಿಯವನನ್ನು ವಿಚಾರಿಸಿ, ಕೊನೆಯ ಏಜರ್ ವಾಸವಾಗಿದ್ದ ಗುಡಿಸಲನ್ನು ತಿಳಿದು, ಅಲ್ಲಿಂದ ದಿಬ್ಬದ ನೆಲೆಯನ್ನು ಊಹಿಸುತ್ತಾನೆ. ಓಲೆಗರಿಯ ಕೊನೆಯಲ್ಲಿ ಲಿಪಿಕಾರನ ಹೆಸರು, ಊರು, ಒಡೆಯನ ಹೆಸರುಗಳನ್ನು ಓದಿ ಪ್ರತಿಯ ಚರಿತ್ರೆಯನ್ನು ಕಟ್ಟುವ ನಮ್ಮ ವಿಧಾನವೂ ಇದೇ. ಇದರಲ್ಲಿ ಯಾವ ಹಂತವೂ ತಪ್ಪಲ್ಲ. ಪ್ರತಿಯೊಂದು ತರ್ಕವೂ ಶಾಸ್ತ್ರೀಯ. ಶಾಸ್ತ್ರ ಸರಿಯಾಗಿರುವುದರಿಂದಲೇ ಅವನು ಸರಿಯಾದ ದಿಬ್ಬವನ್ನು ಅಗೆಯುತ್ತಾನೆ, ಅಗೆಯುವಾಗಲೇ ಬೆನ್ನ ಹಿಂದೆ ಯಾರೋ ಇದ್ದಾರೆಂದು ಅರಿಯುತ್ತಾನೆ. ಆ ಹೆಸರುಗಳನ್ನು ಬರೆದವರ ಅಭಿಪ್ರಾಯ ಬೇರೆಯೇ ಇದ್ದಿರಬೇಕು. ಅವರಿಗೆ ಅದು ಹೊಣೆಯ ಹಸ್ತಾಂತರ. ಪ್ಯಾಕ್ಸ್‌ಟನ್ನನಿಗೆ ಅದು ಆಕರ.

ಹೆದರಿದ ಪ್ಯಾಕ್ಸ್‌ಟನ್ ಹೋಟೆಲಿನಲ್ಲಿ ಪರಿಚಯವಾದ ನಿರೂಪಕ ಮತ್ತು ಅವನ ಗೆಳೆಯ ಲಾಂಗ್‌ನ ನೆರವಿನಿಂದ ಕಿರೀಟವನ್ನು ಇದ್ದಲ್ಲೇ ಮರಳಿ ಹೂಳುತ್ತಾನೆ. ಆದರೂ ಕ್ಷಮೆ ದೊರೆಯುವುದಿಲ್ಲ. ಮರುದಿನ ಮಂಜಿನಲ್ಲಿ ಯಾರೋ ಕರೆದಂತಾಗಿ, ಅವರು ತನ್ನ ಗೆಳೆಯರೇ ಎಂದು ನಂಬಿ ಓಡಿದವನು ಕಡಲ ತಡಿಯ ಹಳೆಯ ಫಿರಂಗಿ ಕಟ್ಟೆಯ ಬುಡದಲ್ಲಿ ಹೆಣವಾಗಿ ಸಿಗುತ್ತಾನೆ. ಬಾಯಿತುಂಬ ಮರಳು, ಕಲ್ಲು. ಶಿಕ್ಷೆ ಅಪರಾಧಕ್ಕಿಂತ ದೊಡ್ಡದಾಯಿತಲ್ಲವೇ ಎಂಬ ಆಕ್ಷೇಪ ಸಹಜವಾದುದು. ಇದಕ್ಕೆ ಉತ್ತರವನ್ನು ಕಥೆಯ ನೀತಿಯಲ್ಲಿ ಹುಡುಕದೆ ಇಂಗ್ಲೆಂಡಿನ ಚರಿತ್ರೆಯಲ್ಲಿ ಹುಡುಕಬೇಕೆಂದು ನನಗೆ ತೋರುತ್ತದೆ. ತುಳುನಾಡಿನ ಭೂತಾರಾಧನೆಯಲ್ಲಿ ಮುನಿದ ದೈವ ಪಾತ್ರಿಯ ಬಾಯಿಂದ ನುಡಿಯುತ್ತದೆ. ತಪ್ಪೇನೆಂದು ಹೇಳುತ್ತದೆ, ಕಾಣಿಕೆ ಕೇಳುತ್ತದೆ, ಒಪ್ಪಿಕೊಂಡೆನೆಂದು ಅಭಯವನ್ನೂ ಕೊಡುತ್ತದೆ. ಕೋಪಕ್ಕೆ ಅಲ್ಲೊಂದು ಭಾಷೆಯಿದೆ, ಆ ಭಾಷೆ ಬಲ್ಲವರಿದ್ದಾರೆ. ಏಜರ್‌ಗೆ ಅಂಥ ಬಾಯಿಲ್ಲ. ಸತ್ತವರಿಗಾಗಿ ಪೂಜೆ, ಪ್ರಾರ್ಥನೆ ಸಲ್ಲಿಸುವ ಕ್ರಮವನ್ನೇ ಧರ್ಮಸುಧಾರಣೆಯು ಹದಿನಾರನೆಯ ಶತಮಾನದಲ್ಲಿ ಕಿತ್ತುಹಾಕಿತ್ತು. ಕಥೆಯಲ್ಲಿ ಒಬ್ಬ ಪಾದ್ರಿ ಇದ್ದಾನೆ. ಅವನು ಮಾಹಿತಿ ಕೊಡುತ್ತಾನೆ, ಅಷ್ಟೆ. ಪ್ರಾಯಶ್ಚಿತ್ತ ಮಾಡಿಸುವವರು ಇಲ್ಲದ ನಾಡಿನಲ್ಲಿ ಪಶ್ಚಾತ್ತಾಪ ತಲುಪಬೇಕಾದಲ್ಲಿಗೆ ತಲುಪುವುದಿಲ್ಲ. ಮುಚ್ಚಿಹೋದ ಮಠಗಳ ಪುಸ್ತಕಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಿದ ಜೇಮ್ಸ್‌ಗೆ ಈ ಕೊರತೆಯ ಅರಿವು ಇತರರಿಗಿಂತ ಹೆಚ್ಚಾಗಿ ಇದ್ದಿರಲೇಬೇಕು.

ಮೊದಲ ಸಂಗ್ರಹದಲ್ಲಿರುವ ಸೀಟಿಯ ಕಥೆಯನ್ನು ('ಓ, ವಿಸಲ್, ಆಂಡ್ ಐ ವಿಲ್ ಕಮ್ ಟು ಯು, ಮೈ ಲ್ಯಾಡ್') ಇದರೊಡನೆ ಓದಿದರೆ ವಾದ ಪೂರ್ಣವಾಗುತ್ತದೆ. ಅಲ್ಲಿಯ ಪ್ರೊಫೆಸರ್ ಪಾರ್ಕಿನ್ಸ್ ಪ್ರೇತಗಳನ್ನು ಸುತರಾಂ ಒಪ್ಪದವನು. ಸಹೋದ್ಯೋಗಿಯ ಕೋರಿಕೆಯಂತೆ ಹಾಳು ದೇವಾಲಯದ ನಿವೇಶನವನ್ನು ಕೆದಕಿ ಕಂಚಿನ ಸೀಟಿಯೊಂದನ್ನು ತರುತ್ತಾನೆ. ಅದರ ಮೇಲಿನ ಲ್ಯಾಟಿನ್ ಒಕ್ಕಣೆಯಲ್ಲಿ ಒಂದು ಭಾಗ ಅರ್ಥವಾಗುತ್ತದೆ, ಇನ್ನೊಂದು ಆಗುವುದಿಲ್ಲ. ಅರ್ಧ ಓದಿಯೇ ಊದುತ್ತಾನೆ. ಪಾಠ ನಿರ್ಣಯವಾಗುವ ಮೊದಲೇ ಪ್ರಯೋಗಕ್ಕೆ ಇಳಿದ ಸಂಪಾದಕನೆಂದು ಅವನನ್ನು ಕರೆಯಬಹುದು. ಪಾರ್ಕಿನ್ಸ್‌ನದು ಅರೆಓದು, ಪ್ಯಾಕ್ಸ್‌ಟನ್‌ನದು ಪೂರ್ಣ ಓದು. ಎರಡರ ಫಲವೂ ಒಂದೇ ಜಾತಿಯದು. ಆದ್ದರಿಂದ ಜೇಮ್ಸ್ ಅಲ್ಪವಿದ್ಯೆಯನ್ನು ಹಳಿಯುತ್ತಿದ್ದಾನೆಂಬ ಸುಲಭದ ವಿವರಣೆ ನಿಲ್ಲುವುದಿಲ್ಲ. ಪಾರ್ಕಿನ್ಸ್‌ನನ್ನು ಬದುಕಿಸಿ ಸೀಟಿಯನ್ನು ಕಡಲಿಗೆ ಎಸೆಯುವ ಕರ್ನಲ್, ಭಾರತದಲ್ಲಿ ತಾನು ಕಂಡ ಇಂಥದೇ ಘಟನೆಯೊಂದನ್ನು ನೆನೆಯುತ್ತಾನೆ. ಆ ಘಟನೆ ಏನೆಂದು ಜೇಮ್ಸ್ ಹೇಳುವುದಿಲ್ಲ. ವಸಾಹತಿನಿಂದ ತಂದ ಅನುಭವ ಪ್ರೊಫೆಸರನ ತರ್ಕಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿತೆಂಬುದು ಭಾರತೀಯ ಓದುಗರಿಗೆ ಸ್ವಲ್ಪ ನಗು ತರಿಸಬಹುದು.

ಜೇಮ್ಸ್‌ನ ಮಿತಿಗಳನ್ನು ಮರೆಮಾಚಬೇಕಾಗಿಲ್ಲ. ಅವನ ಹಳ್ಳಿಯವರು ಬಹುಮಟ್ಟಿಗೆ ಪ್ರಾಂತಭಾಷೆಯಲ್ಲಿ ಮಾತಾಡಿ ನಗಿಸುವ ಸೇವಕರು, ಹೋಟೆಲಿನವರು; ಅವನ ಲೋಕದಲ್ಲಿ ಸ್ತ್ರೀಯರು ವಿರಳ. ಏಜರ್ ಮನೆತನದವರು ಆ ಕಾವಲನ್ನು ಏನೆಂದು ತಿಳಿದಿದ್ದರು ಎಂಬುದನ್ನು ನಾವು ಅವರ ಬಾಯಿಂದ ಕೇಳುವುದೇ ಇಲ್ಲ. ಊರು 'ಏಕಾಂತ'ವಾಗಿ ತೋರುವುದು ಕೂಡ ಬಂದವನ ಕಣ್ಣಿಗೆ ಮಾತ್ರ. ಸೀಬರೋಗೆ ಮಾದರಿಯಾದ ಆಲ್ಡ್‌ಬರೋಗೆ 1860ರಲ್ಲೇ ರೈಲು ಬಂದಿತ್ತು. ಪ್ರೇತ ಊರಿನವರನ್ನು ಬಿಟ್ಟು ರೈಲಿನಲ್ಲಿ ಬಂದವನನ್ನೇ ಹಿಡಿಯುತ್ತದೆಂಬುದನ್ನು ಗಮನಿಸಿದರೆ, ಲೇಖಕನ ವರ್ಗಪ್ರಜ್ಞೆಗಿಂತ ಅವನ ಕಥೆಯ ನ್ಯಾಯಪ್ರಜ್ಞೆ ಹಿರಿದೆಂದು ಒಪ್ಪಬೇಕಾಗುತ್ತದೆ.

ಜೇಮ್ಸ್ ಕೊಡದೆ ಹೋದ ದನಿಯನ್ನು ಅವನ ನಂತರದವರು ಕೊಟ್ಟುದುಂಟು. 1971ರಲ್ಲಿ ಬಿಬಿಸಿ ಐದು ಕಂತುಗಳಲ್ಲಿ ಪ್ರಸಾರ ಮಾಡಿದ 'ಡಾಕ್ಟರ್ ಹೂ' ಸರಣಿಯ 'ದ ಡೀಮನ್ಸ್' ಎಂಬ ನಾಟಕದಲ್ಲಿ ಪುರಾತತ್ತ್ವಜ್ಞನೊಬ್ಬ ಹಳ್ಳಿಯ ಪ್ರಾಚೀನ ಸಮಾಧಿದಿಬ್ಬವನ್ನು ದೂರದರ್ಶನದ ಕ್ಯಾಮೆರಾದ ಮುಂದೆಯೇ ತೆರೆಯುತ್ತಾನೆ. ಬೇಡವೆಂದು ತಡೆಯಲು ಬರುವವಳು ಆ ಊರಿನ ಮಾಟಗಾತಿಯೆಂದು ಹೇಳಿಕೊಳ್ಳುವ ಮಿಸ್ ಹಾಥಾರ್ನ್. ಅವಳನ್ನು ಹುಚ್ಚಿಯೆಂದು ಬದಿಗೆ ಸರಿಸುತ್ತಾರೆ, ದಿಬ್ಬ ಒಡೆದವನು ಸಾಯುತ್ತಾನೆ. ಎದ್ದು ಬಂದದ್ದು ಅನ್ಯಗ್ರಹದ ಜೀವಿಯೆಂದು ಮುಂದೆ ವಿಜ್ಞಾನ ವಿವರಿಸುವುದರಿಂದ ಭಯ ತೆಳುವಾಗುತ್ತದೆ ನಿಜ. ಆದರೂ ಆ ಹೆಂಗಸಿನ ಪಾತ್ರ ಜೇಮ್ಸ್‌ನಲ್ಲಿ ಇಲ್ಲದ ಲಾಭ.

ಜೇಮ್ಸ್ ತೀರಿಕೊಂಡ ಮೂರು ವರ್ಷಕ್ಕೆ, 1939ರಲ್ಲಿ, ಅದೇ ಸಫೋಕ್‌ನ ಸಟನ್ ಹೂ ಎಂಬಲ್ಲಿ ದಿಬ್ಬವೊಂದನ್ನು ಅಗೆದಾಗ ಆಂಗ್ಲೋ-ಸ್ಯಾಕ್ಸನ್ ಕಾಲದ ಹಡಗುಸಮಾಧಿಯೂ ಅಪಾರ ಸಂಪತ್ತೂ ದೊರೆತವು. ವಿಚಾರಣೆ ನಡೆದು, ನಿಧಿ ಭೂಮಿಯ ಒಡತಿ ಎಡಿತ್ ಪ್ರೆಟಿಯದೆಂದು ತೀರ್ಮಾನವಾಯಿತು. ಆಕೆ ಅದನ್ನು ಬ್ರಿಟಿಷ್ ಮ್ಯೂಸಿಯಂಗೆ ದಾನಮಾಡಿದಳು. ನಮ್ಮ ವಿಜಯನಗರ ಕಾಲದ ದಾನಶಾಸನಗಳೂ ನಿಧಿ, ನಿಕ್ಷೇಪಗಳನ್ನು ಅಷ್ಟಭೋಗಗಳಲ್ಲಿ ಎಣಿಸಿ ಯಾರಿಗೆ ಸಲ್ಲಬೇಕೆಂದು ವಿಧಿಸುತ್ತವೆ, ಕೊನೆಗೆ ಕಿತ್ತುಕೊಂಡವನಿಗೆ ಶಾಪವನ್ನೂ ಹಾಕುತ್ತವೆ. ಒಡೆತನದ ಪ್ರಶ್ನೆಯನ್ನು ಕಾನೂನು ಬಗೆಹರಿಸಬಲ್ಲದು. ಏಜರ್‌ನ ಪ್ರಶ್ನೆ ಒಡೆತನದ್ದಲ್ಲ. ಕಿರೀಟ ಅವನದೂ ಆಗಿರಲಿಲ್ಲ. ಮನೆಗಳ ಅಟ್ಟದಿಂದ, ಮಠಗಳ ಪೆಟ್ಟಿಗೆಯಿಂದ ಓಲೆಕಟ್ಟುಗಳನ್ನು ವಿಶ್ವವಿದ್ಯಾಲಯಗಳಿಗೆ ತಂದಿರುವ ನಮ್ಮ ಕ್ಷೇತ್ರದಲ್ಲಿ ಇಂಥ ಪ್ರಶ್ನೆ ಎದ್ದಿರುವುದು ಅಪರೂಪ. ತಾರದಿದ್ದರೆ ಗೆದ್ದಲಿಗೆ ಹೋಗುತ್ತಿದ್ದವು ಎಂಬ ಸಮರ್ಥನೆ ಬಹುಪಾಲು ಸತ್ಯವೇ. ಆದರೆ ವರ್ಷಕ್ಕೊಮ್ಮೆ ಆ ಕಟ್ಟನ್ನು ಹೊರತೆಗೆದು ಪೂಜಿಸುತ್ತಿದ್ದ ಮನೆಯವರ ಹೆಸರು ನಮ್ಮ ಎಷ್ಟು ಸೂಚಿಗಳಲ್ಲಿದೆ?

ಜೇಮ್ಸ್ ಈ ವಿಷಯದಲ್ಲಿ ತನ್ನನ್ನೂ ಹೊರಗಿಟ್ಟುಕೊಂಡಿಲ್ಲವೆಂಬುದಕ್ಕೆ ಕಥೆಯ ಚೌಕಟ್ಟೇ ಆಧಾರ. ಪ್ಯಾಕ್ಸ್‌ಟನ್ ತನ್ನ ಗುಟ್ಟನ್ನು ನಿರೂಪಕನಿಗೆ ಹೇಳುತ್ತಾನೆ. ನಿರೂಪಕ ಅದನ್ನು ಲೇಖಕನಿಗೆ ಹೇಳುತ್ತಾನೆ. ಲೇಖಕ ಅಚ್ಚಿಗೆ ಕೊಡುತ್ತಾನೆ. ಏಜರ್ ವಂಶ ಮುಗಿದಿದೆ, ಕಾವಲಿಗೆ ಬದುಕಿರುವವರು ಯಾರೂ ಇಲ್ಲ, ಕಿರೀಟ ಇದ್ದಲ್ಲೇ ಇದೆ. ಊರಿನ ಹೆಸರನ್ನು ಬದಲಿಸಿದ ಜೇಮ್ಸ್, ಆ ಊರಿನ ಚಹರೆಯನ್ನು ಮಾತ್ರ ಸಫೋಕ್‌ನವರು ಯಾರೇ ಆದರೂ ಗುರುತಿಸುವಂತೆ ಮೊದಲ ಪುಟದಲ್ಲೇ ಬಿಡಿಸಿಟ್ಟಿದ್ದಾನೆ.